1.2 ಮಿ.ಮೀ. ಸಿಆರ್ ಶೀಟ್: ಅಂಚು ಮಡಚಿದ ಕಡೆ ಬಿರುಕು, ಅಳತೆ ಕಮ್ಮಿ, ಪೌಡರ್ ಕೋಟಿಂಗ್ ಆದಮೇಲೆ ತುಕ್ಕು ನೀರು

ಪ್ರಶ್ನೆ: ಅಂತರಸನಹಳ್ಳಿ ಫ್ಯಾಬ್

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್. ಮಾಡುತ್ತಿರುವ ಕೆಲಸ, ಮೇವು ಕತ್ತರಿಸುವ ಯಂತ್ರದ ಮೇಲ್ಮುಚ್ಚಳ. ರೈತರ ಕೈ ದಿನಾ ತಾಗುವ ಭಾಗ, ಅದಕ್ಕೇ ಡ್ರಾಯಿಂಗ್‌ನಲ್ಲಿ ಎರಡೂ ಉದ್ದದ ಅಂಚಿಗೆ 10 ಮಿ.ಮೀ. ಮುಚ್ಚಿದ ಹೆಮ್ (ಅಂಚನ್ನು ಪೂರ್ತಿ ಹಿಂದಕ್ಕೆ ಮಡಚಿ ಒತ್ತಿದ ಮಡಿಕೆ) ಕೊಟ್ಟಿದ್ದಾರೆ. ಉದ್ದ 900, ಹೆಮ್ ಆದಮೇಲೆ ಅಗಲ 420. ಎರಡು ತುದಿಗಳಲ್ಲಿ 90 ಡಿಗ್ರಿ ಫ್ಲೇಂಜ್ (ನೇರ ಮಡಚಿದ ಪಟ್ಟಿ) ಇದೆ.

ಶೀಟ್: 1.2 ಮಿ.ಮೀ. ಸಿಆರ್‌ಸಿಎ (ತಣ್ಣಗೆ ರೋಲ್ ಮಾಡಿ ಹದಗೊಳಿಸಿದ ಉಕ್ಕು, ಸಿಆರ್ ಅಂದರೂ ಇದೇ), 2500 × 1250. ಕಟಿಂಗ್ ಹೊರಗಡೆ ಲೇಸರ್‌ನಲ್ಲಿ. ಬೆಂಡಿಂಗ್ 63 ಟನ್, 2500 ಮಿ.ಮೀ. ಹೈಡ್ರಾಲಿಕ್ ಪ್ರೆಸ್ ಬ್ರೇಕ್. 30 ಡಿಗ್ರಿ, ವಿ-8 (8 ಮಿ.ಮೀ. ಬಾಯಿಯ ವಿ ಆಕಾರದ) ಡೈನಲ್ಲಿ ಮೊದಲ ಮಡಿಕೆ, ಆಮೇಲೆ ಫ್ಲಾಟ್ ಡೈನಲ್ಲಿ ಒತ್ತುವುದು.

ತೊಂದರೆ ನಾಲ್ಕು:

ಮಡಿಕೆಯ ಹೊರಮೈಯಲ್ಲಿ ಕೂದಲೆಳೆ ಬಿರುಕು. ಎಲ್ಲದರಲ್ಲೂ ಅಲ್ಲ. ಒಂದೇ ಶೀಟಿನಿಂದ ಬಂದ ಪೀಸ್‌ಗಳಲ್ಲೇ ಒಂದು ನುಣ್ಣಗೆ, ಇನ್ನೊಂದು ಒಡಕು.

420 ಬರಬೇಕಾದ ಕಡೆ 416.8 ಬರ್ತಿದೆ. ಹೆಮ್ ಕಾಲು (ಒಳಗೆ ಮಡಚಿದ ಭಾಗ) ಮಾತ್ರ ಸರಿಯಾಗಿ 10.

ಹೆಮ್ ಎರಡು ತುದಿಯಲ್ಲಿ ಕೂತಿದೆ, ನಡುವೆ 0.4ರಷ್ಟು ಬಾಯಿ ಬಿಟ್ಟಿದೆ.

ಪೌಡರ್ ಕೋಟಿಂಗ್ ಆಗಿ ಎರಡು ವಾರಕ್ಕೆ ಹೆಮ್ ಸಂದಿನಿಂದ ಕಂದು ನೀರು ಇಳಿದು ಕಲೆ ಬೀಳ್ತಿದೆ.

ಮುಂದಿನ ಲಾಟ್‌ನಲ್ಲಿ ಸ್ವಲ್ಪ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಕೂಡ ಇದೆ. ಎಲ್ಲಿಂದ ಸರಿಮಾಡಿಕೊಂಡು ಬರಬೇಕು?


ಉತ್ತರ 1: ವಿ_ಡೈ

ಅಳತೆಯದ್ದು ಸುಲಭ, ಅದನ್ನು ಮೊದಲು ಮುಗಿಸೋಣ. ನಿಮ್ಮ ಬ್ಲ್ಯಾಂಕ್ (ಮಡಚುವ ಮೊದಲು ಕತ್ತರಿಸಿದ ಹಾಳೆ) ಅಗಲ 435.8 ಇರಬೇಕು, ಅಳೆದು ನೋಡಿ. ಸಾಫ್ಟ್‌ವೇರ್‌ನಲ್ಲಿ ಹೆಮ್‌ಗೂ 90 ಡಿಗ್ರಿ ಬೆಂಡಿನ ಡಿಡಕ್ಷನ್ನೇ (ಮಡಿಕೆಗೆ ಕಳೆಯುವ ಅಳತೆ), ಅಂದರೆ 1.2ಕ್ಕೆ ಸುಮಾರು 2.1, ಹಿಡಿದುಬಿಟ್ಟಿದೆ. 420 + 10 + 10 ಒಟ್ಟು 440, ಅದರಲ್ಲಿ ಎರಡು ಸಲ 2.1 ಕಳೆದರೆ 435.8. ಆಪರೇಟರ್ ಬ್ಯಾಕ್‌ಗೇಜ್ (ಹಾಳೆ ತಾಗಿ ನಿಲ್ಲುವ ಹಿಂಬದಿ ತಡೆ) ಸರಿಸಿ ಹೆಮ್ ಕಾಲನ್ನು 10ಕ್ಕೆ ತಂದಿದ್ದಾರೆ, ಕೊರತೆಯೆಲ್ಲ ನಡುವಿನ ಪ್ಯಾನೆಲ್ ಮೇಲೆ ಬಿದ್ದಿದೆ.

ಪೂರ್ತಿ ಮುಚ್ಚಿದ ಹೆಮ್‌ಗೆ ಡಿಡಕ್ಷನ್ ದಪ್ಪದ 0.43 ಪಟ್ಟು ಅಷ್ಟೇ. 1.2ಕ್ಕೆ 0.52. ಎರಡು ಹೆಮ್‌ಗೆ 1.04. ಬ್ಲ್ಯಾಂಕ್ 438.96, 439 ಎಂದೇ ಕತ್ತರಿಸಿ. ಬ್ಯಾಕ್‌ಗೇಜ್ 9.74. ಈ 0.43 ಆರಂಭಕ್ಕೆ ಮಾತ್ರ. ಎಷ್ಟು ಬಲವಾಗಿ ಒತ್ತುತ್ತೀರಿ ಅನ್ನುವುದರ ಮೇಲೆ 0.1, 0.2 ಆಚೀಚೆ ಆಗುತ್ತೆ. ಸರಿಯಾಗಿ 100 ಮಿ.ಮೀ. ಇರುವ ಒಂದು ಪಟ್ಟಿ ಕತ್ತರಿಸಿ, ಒಂದು ಕಡೆ ಮಾತ್ರ ಹೆಮ್ ಮಾಡಿ, ಪ್ಯಾನೆಲ್ ಮತ್ತು ಕಾಲು ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಕೂಡಿಸಿ. ಮೊತ್ತ 100ಕ್ಕಿಂತ ಎಷ್ಟು ಹೆಚ್ಚು ಬರುತ್ತೋ ಅದೇ ನಿಮ್ಮ ಯಂತ್ರದ ನಿಜವಾದ ಡಿಡಕ್ಷನ್. ಅದನ್ನು ಟೇಬಲ್‌ನಲ್ಲಿ ಹಾಕಿಕೊಳ್ಳಿ, ಪುಸ್ತಕದ ಲೆಕ್ಕ ಆಮೇಲೆ ಬೇಡ.

ಈಗ ಬಿರುಕು. ಒಂದೇ ಶೀಟಿನಲ್ಲಿ ಕೆಲವು ಮಾತ್ರ ಒಡೆಯುತ್ತವೆ ಅಂದರೆ ಅದು ನೆಸ್ಟಿಂಗ್, ಶೀಟಿನಲ್ಲಿ ಪೀಸ್ ಜೋಡಿಸಿದ ರೀತಿ. 2500 × 1250 ಶೀಟಿನಲ್ಲಿ ರೋಲಿಂಗ್ ದಿಕ್ಕು (ಗಿರಣಿಯಲ್ಲಿ ಶೀಟ್ ಉರುಳಿ ಬಂದ ದಿಕ್ಕು) ಉದ್ದಕ್ಕೆ, 2500ರ ಕಡೆಗೆ ಇರುತ್ತೆ. ಮಡಿಕೆಯ ಗೆರೆ ಅದಕ್ಕೆ ಅಡ್ಡ ಬಂದರೆ ತಡೆದುಕೊಳ್ಳುತ್ತೆ. ಅದರ ಜೊತೆಗೇ ಸಾಗಿದರೆ ಎಳೆಗುಂಟ ಸೀಳಿದ ಸೌದೆಯ ಹಾಗೆ ಬಿಚ್ಚಿಕೊಳ್ಳುತ್ತೆ. ಲೇಸರ್‌ನವರು 900ರ ಉದ್ದವನ್ನು 2500ರ ಕಡೆಗೆ ಮಲಗಿಸಿ ನಾಲ್ಕು ಪೀಸ್ ಹಾಕಿ, ಉಳಿದ 700ರ ತುಂಡಿನಲ್ಲಿ ಒಂದನ್ನು ತಿರುಗಿಸಿ ಹಾಕಿರಬೇಕು. ನಾಲ್ಕು ಒಡೆಯುತ್ತೆ, ಐದನೆಯದು ನುಣ್ಣಗಿರುತ್ತೆ. ಹೌದಾ?

ಹಾಗಿದ್ದರೆ ಪರಿಹಾರಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. 900ನ್ನು 1250ರ ಅಡ್ಡಕ್ಕೆ ಹಾಕಿ, 439ನ್ನು 2500ರ ಉದ್ದಕ್ಕೆ ಒಂದರ ಪಕ್ಕ ಒಂದು ಇಡಿ. 439 × 5 = 2195. ಆಗಲೂ ಐದೇ ಬರುತ್ತೆ, ಐದಕ್ಕೂ ಮಡಿಕೆ ರೋಲಿಂಗ್‌ಗೆ ಅಡ್ಡ. ಪಕ್ಕದಲ್ಲಿ 350 ಅಗಲದ ಪಟ್ಟಿ ಉಳಿಯುತ್ತೆ, ಬ್ರಾಕೆಟ್‌ಗೆ ಆಗುತ್ತೆ. ನೆಸ್ಟಿಂಗ್‌ನಲ್ಲಿ ತಿರುಗಿಸುವುದನ್ನು 0 ಮತ್ತು 180 ಡಿಗ್ರಿಗೆ ಲಾಕ್ ಮಾಡಲು ಹೇಳಿ. ಡ್ರಾಯಿಂಗ್‌ನಲ್ಲಿ ರೋಲಿಂಗ್ ದಿಕ್ಕಿಗೆ ಬಾಣ ಹಾಕಿ ಕಳಿಸಿ, ಬಾಯಲ್ಲಿ ಹೇಳಿದ್ದು ಎರಡನೇ ಲಾಟ್‌ಗೆ ಮರೆತುಹೋಗಿರುತ್ತೆ.

ಆದರೂ ಒಳ್ಳೆ ಡ್ರಾಯಿಂಗ್ ಗ್ರೇಡ್ ಶೀಟ್ ಆಗಿದ್ದರೆ ರೋಲಿಂಗ್ ಜೊತೆಗೆ ಮಡಚಿದರೂ 1.2 ಒಡೆಯಬಾರದು. ಹಾಗಾಗಿ ಶೀಟೂ ಅನುಮಾನ. ಐಎಸ್ 513ರ ಹಳೇ ಹೆಸರಿನಲ್ಲಿ ಓ, ಡಿ, ಡಿಡಿ, ಇಡಿಡಿ. ಈಗ ಸಿಆರ್1ರಿಂದ ಮೇಲೆ. ಹೆಮ್ ಬೇಕಾದ ಕೆಲಸಕ್ಕೆ ಡಿ, ಅಂದರೆ ಸಿಆರ್2, ಅದಕ್ಕಿಂತ ಕೆಳಗೆ ಹೋಗಬೇಡಿ. ಅಂಗಡಿಯಲ್ಲಿ ‘ಸಿಆರ್ ಶೀಟ್ 18 ಗೇಜ್’ ಅಂತ ಕೇಳಿದರೆ ಕೈಗೆ ಸಿಕ್ಕಿದ್ದು ಕೊಡ್ತಾರೆ. ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದು ಇಲ್ಲ ಅಂದರೆ 25 ಮಿ.ಮೀ. ಅಗಲದ ಎರಡು ಪಟ್ಟಿ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಕತ್ತರಿಸಿ, ವೈಸ್‌ನಲ್ಲಿ ಮಡಚಿ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, 10 ಪಟ್ಟು ಲೆನ್ಸ್‌ನಲ್ಲಿ ನೋಡಿ. ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಕಂಡರೆ ಪರವಾಗಿಲ್ಲ. ಗೆರೆ ಬಿಟ್ಟಿದ್ದರೆ ಆ ಶೀಟ್ ಹೆಮ್‌ಗೆ ಆಗಲ್ಲ.

ಬಿರುಕು ಮಡಿಕೆಯ ನಡುವಲ್ಲಿ ಬಿಟ್ಟು ಬರೀ ತುದಿಯಿಂದ ಶುರುವಾಗಿದ್ದರೆ ಕಾರಣ ಬೇರೆ, ಅದು ಬರ್, ಕತ್ತರಿಸಿದ ಅಂಚಲ್ಲಿ ಉಳಿಯುವ ಚೂಪು ಮುಳ್ಳು. ಕಟಿಂಗ್‌ನ ಬರ್ ಇರುವ ಮುಖ ಮಡಿಕೆಯ ಒಳಗೆ ಹೋಗಬೇಕು. ಹೊರಗೆ ಬಂದರೆ ಎಳೆತದ ಕಡೆ ಪ್ರತಿ ಬರ್ ಹಲ್ಲೂ ಒಂದು ಬಿರುಕಿನ ಬೀಜ. ಒಳಗೆ ಹೋದರೆ ಕೈಗೂ ಸಿಗಲ್ಲ, ಕೆರೆಯುವ ಕೆಲಸವೂ ಉಳಿಯಿತು.


ಉತ್ತರ 2: ಶಿಮ್ ಪೇಪರ್

ನಡುವೆ ಬಾಯಿ ಬಿಡುವುದಕ್ಕೆ ಬರ್ತೀನಿ. ಮೊದಲು ಟನ್ ಲೆಕ್ಕ ನೋಡಿ.

1.2 ಸಿಆರ್, ವಿ-8ರಲ್ಲಿ ಗಾಳಿ ಬೆಂಡ್‌ಗೆ (ಡೈ ತಳಕ್ಕೆ ತಾಗಿಸದೆ ಮಡಚುವುದು): 650 × 1.2 × 1.2 ÷ 8, ಅಂದರೆ ಮೀಟರಿಗೆ 117 ಕಿಲೋನ್ಯೂಟನ್, ಸುಮಾರು 12 ಟನ್. ಹೆಮ್ ಚಪ್ಪಟೆ ಮಾಡಲು ಅದರ ಮೂರರಿಂದ ನಾಲ್ಕು ಪಟ್ಟು ಬೇಕು, ಮೀಟರಿಗೆ 40 ಟನ್ ಹತ್ತಿರ. ನಿಮ್ಮ 900ಕ್ಕೆ 36 ಟನ್. ಯಂತ್ರ 63 ಟನ್, ಇನ್ನೂ ಜಾಗ ಇದೆ ಅನ್ನಿಸುತ್ತೆ. ಇಲ್ಲ. ಬಹಳಷ್ಟು ಪ್ರೆಸ್ ಬ್ರೇಕ್‌ಗಳಲ್ಲಿ ಪೂರ್ತಿ ಟನ್ ಅನ್ನು ಬೆಡ್ ಉದ್ದದ 60%ಕ್ಕಿಂತ ಕಡಿಮೆ ಜಾಗದಲ್ಲಿ ಹಾಕಬಾರದು ಅನ್ನುವ ಮಿತಿ ಇರುತ್ತೆ. 2500ರ 60% 1500, 63 ÷ 1.5 = ಮೀಟರಿಗೆ 42 ಟನ್. ನೀವು ಮಿತಿಯ ಅಂಚಲ್ಲೇ ಕೆಲಸ ಮಾಡ್ತಿದ್ದೀರಿ, ಅದೂ ಬೆಡ್‌ನ ನಟ್ಟನಡುವೆ. ರ‍್ಯಾಮ್ ಮೇಲಕ್ಕೆ, ಬೆಡ್ ಕೆಳಕ್ಕೆ ಕೂದಲಷ್ಟು ಬಾಗುತ್ತೆ. ಗಾಳಿ ಬೆಂಡ್‌ನಲ್ಲಿ ಅದು ಅರ್ಧ ಡಿಗ್ರಿ ವ್ಯತ್ಯಾಸ ಅಷ್ಟೇ. ಚಪ್ಪಟೆ ಮಾಡುವಾಗ ಬಾಗಿದಷ್ಟೂ ನೇರವಾಗಿ ಸಂದಾಗಿ ಕಾಣಿಸುತ್ತೆ.

ಕ್ರೌನಿಂಗ್ (ಬೆಡ್ ಬಾಗುವುದನ್ನು ಸರಿದೂಗಿಸುವ ವ್ಯವಸ್ಥೆ) ಇದ್ದರೆ ಏರಿಸಿ. ಇಲ್ಲದಿದ್ದರೆ ಶಿಮ್, ಅಂದರೆ ಅಡಿಗೆ ಇಡುವ ತೆಳು ಪಟ್ಟಿ. ಹೆಮ್ ಉದ್ದಕ್ಕೆ ಐದು ಕಡೆ ಫೀಲರ್ ಗೇಜ್ ಹಾಕಿ ಬರೆದುಕೊಳ್ಳಿ. ಫ್ಲಾಟ್ ಡೈ ಅಡಿಯಲ್ಲಿ ನಡುವಿನ 200 ಮಿ.ಮೀ.ಗೆ 0.15 ಶಿಮ್, ಅದರ ಎರಡೂ ಪಕ್ಕ 150ರಷ್ಟು 0.10, ಆಮೇಲೆ 0.05. ಮೆಟ್ಟಿಲಾಗಿ ಇಳಿಯಬೇಕು, ಒಮ್ಮೆಲೇ ನಿಲ್ಲಿಸಿದರೆ ಹೆಮ್ ಮೇಲೆ ಗಾಯದ ಗೆರೆ ಬೀಳುತ್ತೆ. ಮತ್ತೆ ಒಂದು ಪೀಸ್ ಒತ್ತಿ, ಅಳೆದು, ಸಾಲದಿದ್ದರೆ 0.05ರಂತೆ ಏರಿಸಿ.

ಅದಕ್ಕಿಂತ ಮುಂಚೆ ಮೊದಲ ಮಡಿಕೆಯ ಕೋನ ನೋಡಿ. ತುದಿಯಲ್ಲಿ 30, ನಡುವೆ 37 ಇದ್ದರೆ ಶಿಮ್ ಎಷ್ಟು ಹಾಕಿದರೂ ಅಲೆ ಅಲೆಯಾಗೇ ಕೂರುತ್ತೆ. ಮೊದಲ ಮಡಿಕೆ 30–35ರ ಒಳಗೆ ಇರಲಿ. 45 ದಾಟಿದರೆ ಒತ್ತುವಾಗ ಕಾಲು ಮಡಚುವ ಬದಲು ಹಾಳೆ ಹಿಂದಕ್ಕೆ ಜಾರುತ್ತೆ, ಪಂಚ್ ಮೇಲೆ ಪಕ್ಕದ ಒತ್ತಡವೂ ಬೀಳುತ್ತೆ. ಇನ್ನೊಂದು, 30 ಡಿಗ್ರಿ ಡೈಗೆ ಕನಿಷ್ಠ ಕಾಲು ಸುಮಾರು ವಿ ಅಗಲದ 1.2 ಪಟ್ಟು. ವಿ-8ಕ್ಕೆ 10 ಕಾಲು ಅಂಚಿನಲ್ಲಿ ಪಾಸು. ವಿ-8 ಡೈ ಯಾರಾದರೂ ಎತ್ತಿಟ್ಟು ವಿ-12 ಹಾಕಿದರೆ ಕಾಲು ಭುಜದಿಂದ ಜಾರಿ ಒಳಗೆ ಬೀಳುತ್ತೆ, ಗೆರೆ ಓರೆ.

ಬಿರುಕಿನ ಬಗ್ಗೆ ವಿ_ಡೈ ಹೇಳಿದ್ದಕ್ಕೆ ಒಂದು ಸೇರಿಸುವುದಿದೆ. ಸಂದು ಮುಚ್ಚಲಿಲ್ಲ ಅಂತ ಪ್ರೆಶರ್ ಏರಿಸುತ್ತಾ ಹೋಗಿದ್ದರೆ ತುದಿಗಳಲ್ಲಿ ಮಡಿಕೆ ಜಜ್ಜಿ ತೆಳುವಾಗಿರುತ್ತೆ. ಅಲ್ಲೂ ಒಡಕು ಬರುತ್ತೆ. ಹೆಮ್‌ನ ಒಟ್ಟು ದಪ್ಪ ಅಳೆಯಿರಿ. 2.4ರಿಂದ 2.6 ಸರಿ. 2.4ಕ್ಕಿಂತ ಕೆಳಗೆ ಬಂದಿದ್ದರೆ ನೀವು ಮಡಚುತ್ತಿಲ್ಲ, ನಾಣ್ಯ ಅಚ್ಚು ಹಾಕುತ್ತಿದ್ದೀರಿ.

ಆಪರೇಟರ್ ವಿಷಯ: 30 ಡಿಗ್ರಿಗೆ ಮಡಚುವಾಗ ಕೈಯಲ್ಲಿರುವ ಪ್ಯಾನೆಲ್ 75 ಡಿಗ್ರಿ ಮೇಲಕ್ಕೆ ಏಳುತ್ತೆ. 420 ಅಗಲದ ಹಾಳೆ ನೇರ ಗಲ್ಲದ ಮಟ್ಟಕ್ಕೆ ಬರುತ್ತೆ, ಎದುರಿನ ಅಂಚು ಇನ್ನೂ ಹೆಮ್ ಆಗದ ಚೂಪು ಅಂಚು. ಬೆಂಡಿಂಗ್ ವೇಗ ಸೆಕೆಂಡಿಗೆ 10 ಮಿ.ಮೀ. ಮೀರದಿರಲಿ, ಆಪರೇಟರ್ ಪಕ್ಕಕ್ಕೆ ಸರಿದು ನಿಲ್ಲಲಿ.


ಉತ್ತರ 3: ಏಳು ಟ್ಯಾಂಕ್

ಮೇಲಿನ ಇಬ್ಬರೂ ಮುಚ್ಚಿದ ಹೆಮ್ ಅನ್ನು ಚೆನ್ನಾಗಿ ಮುಚ್ಚುವುದು ಹೇಗೆ ಅಂತ ಹೇಳಿದ್ದಾರೆ. ಪೌಡರ್ ಕೋಟಿಂಗ್‌ಗೆ ಹೋಗುವ ಪೀಸ್‌ಗೆ ಮುಚ್ಚಿದ ಹೆಮ್ ಕೊಟ್ಟಿದ್ದೇ ತಪ್ಪು ಅನ್ನುವುದು ಈ ಕಡೆಯ ಅಭಿಪ್ರಾಯ.

ಆ ಕಂದು ನೀರು ಕೋಟಿಂಗ್‌ನ ದೋಷ ಅಲ್ಲ. ಕೋಟಿಂಗ್‌ಗೆ ಮುಂಚಿನ ಏಳು ಟ್ಯಾಂಕ್ ತೊಳೆತದಲ್ಲಿ ಎಣ್ಣೆ ತೆಗೆಯುವ ಕ್ಷಾರ, ತುಕ್ಕು ತೆಗೆಯುವ ಆಮ್ಲ, ಫಾಸ್ಫೇಟ್ ಎಲ್ಲ ಆ 0.1, 0.2 ಸಂದಿಗೆ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿ ಕೂರುತ್ತೆ. ತೊಳೆಯುವ ನೀರು ಒಳಗೆ ಹೋಗಿ ಅದನ್ನು ಹೊರಗೆ ತರಲ್ಲ. ಓವನ್‌ನಲ್ಲಿ 180–200 ಡಿಗ್ರಿಗೆ ನೀರು ಆವಿಯಾಗಿ ಹೋಗುತ್ತೆ, ಉಪ್ಪು ಉಳಿಯುತ್ತೆ. ಮಳೆಗಾಲದ ತೇವ ಹೀರಿ ಮತ್ತೆ ನೀರಾಗಿ ಇಳಿಯುತ್ತೆ. ಕೆಲವು ಸಲ ಓವನ್‌ನಲ್ಲೇ ಹೆಮ್ ಗೆರೆಯುದ್ದಕ್ಕೆ ಗುಳ್ಳೆ ಎದ್ದಿರುತ್ತೆ, ಅದೂ ಇದೇ.

ಈಗ ಕೈಯಲ್ಲಿರುವ ಲಾಟ್‌ಗೆ: ಆಮ್ಲದ ಟ್ಯಾಂಕ್ ಬಿಟ್ಟುಬಿಡಲು ಹೇಳಿ. ತುಕ್ಕು ಹಿಡಿಯದ, ಎಣ್ಣೆ ಹಚ್ಚಿದ ಶೀಟ್‌ಗೆ ಆಮ್ಲದ ಅಗತ್ಯವೇ ಇಲ್ಲ. ಹೆಮ್ ಬಾಯಿ ಕೆಳಗೆ ಬರುವಂತೆ, ಒಂದು ಮೂಲೆ ಇನ್ನಷ್ಟು ಕೆಳಗಿರುವಂತೆ ಓರೆಯಾಗಿ ತೂಗುಹಾಕಲಿ. ಕೊನೆಯ ತೊಳೆತ ಆದಮೇಲೆ ಸಂದಿಗೆ ಗಾಳಿ ಊದಿ, ಪೌಡರ್ ಹೊಡೆಯುವ ಮೊದಲು 120 ಡಿಗ್ರಿಯಲ್ಲಿ 15 ನಿಮಿಷ ಒಣಗಿಸಲಿ. ಇದರಿಂದ ಕಡಿಮೆ ಆಗುತ್ತೆ, ನಿಲ್ಲಲ್ಲ.

ಮುಂದಿನ ಲಾಟ್‌ಗೆ ತೆರೆದ ಹೆಮ್ ಕೊಡಿ, ಒಳಗೆ 2ರಿಂದ 3 ಮಿ.ಮೀ. ಸಂದು. ನೀರು ಒಳಗೂ ಹೋಗುತ್ತೆ, ಹೊರಗೂ ಬರುತ್ತೆ. ಕೈಗೆ ದುಂಡಗೆ ಸಿಗುತ್ತೆ, ಮುಚ್ಚಿದ್ದಕ್ಕಿಂತ ಗಟ್ಟಿ, ಮಡಿಕೆಗೆ ತ್ರಿಜ್ಯ ಸಿಗುವುದರಿಂದ ಬಿರುಕೂ ಹೋಯಿತು, ಟನ್ ಅಂತೂ ಅರ್ಧಕ್ಕಿಂತ ಕಮ್ಮಿ. ಒತ್ತುವಾಗ ಒಳಗೆ 2 ಮಿ.ಮೀ. ಪಟ್ಟಿ ಇಟ್ಟು ಒತ್ತಿ ಎಳೆದುಕೊಳ್ಳಬಹುದು, ಇಲ್ಲವೇ ಡೆಪ್ತ್ ಸ್ಟಾಪ್. 0.43 ಲೆಕ್ಕ ಇದಕ್ಕೆ ನಡೆಯಲ್ಲ, ಮೇಲೆ ಹೇಳಿದ 100 ಮಿ.ಮೀ. ಪಟ್ಟಿಯ ಪರೀಕ್ಷೆ ಹೊಸದಾಗಿ ಮಾಡಿ.

ತೆರೆದ ಹೆಮ್‌ನ ಕೊರತೆಯೂ ಹೇಳಬೇಕು. ಸಂದಿನ ಒಳಗೆ ಪೌಡರ್ ಹೋಗಲ್ಲ. ವಿದ್ಯುತ್ ಕ್ಷೇತ್ರ ಬಾಯಲ್ಲೇ ನಿಂತುಬಿಡುತ್ತೆ, ಪೌಡರ್ ಅಂಚಿಗೆ ಅಂಟುತ್ತೆ. ಒಳಗೆ ಬರೀ ಫಾಸ್ಫೇಟ್. ಹಸಿ ಮೇವು, ಸಗಣಿ, ಗಂಜಲ ತಾಗುವ ಯಂತ್ರಕ್ಕೆ ಅದು ಎರಡು ಮಳೆಗಾಲದ ಮಾತು. ಆದ್ದರಿಂದ ಶೀಟನ್ನೇ ಜಿಐಗೆ (ಸತು ಲೇಪಿಸಿದ ಶೀಟ್) ಬದಲಿಸಿ, ಐಎಸ್ 277, ಎರಡೂ ಮುಖ ಸೇರಿ ಚದರ ಮೀಟರಿಗೆ 120 ಗ್ರಾಂ ಲೇಪನ. ಮುಖಕ್ಕೆ ಎಂಟು ಮೈಕ್ರಾನ್ ಚಿಲ್ಲರೆ ಸತು ಬರುತ್ತೆ. 275 ಗ್ರಾಂ ತಗೊಂಡರೆ ಮುಖಕ್ಕೆ 19 ಮೈಕ್ರಾನ್, ಆದರೆ ಬಿಗಿ ಮಡಿಕೆಯಲ್ಲಿ ಸತು ಹೊಟ್ಟಿನ ಹಾಗೆ ಉದುರುವ ಸಾಧ್ಯತೆ ಹೆಚ್ಚು. ಜಿಐ ಅಂತ ಕೋಟಿಂಗ್‌ನವರಿಗೆ ಮೊದಲೇ ಹೇಳಿ. ಸಿಆರ್ ಜೊತೆ ಆಮ್ಲದ ಟ್ಯಾಂಕ್‌ಗೆ ಹಾಕಿದರೆ ಸತು ಅಲ್ಲೇ ಕರಗಿ ಹೋಗುತ್ತೆ.


ಉತ್ತರ 4: ನರಸಾಪುರ ಲೈನ್

ಕೋಲಾರದ ಕಡೆಯಿಂದ ಒಂದು ಮಾತು. ವಾಹನದ ಬಾಗಿಲಿಗೆ ಮುಚ್ಚಿದ ಹೆಮ್ಮೇ ಹಾಕ್ತಾರೆ, ಪೇಂಟೂ ಆಗುತ್ತೆ. ಆದರೆ ಅಲ್ಲಿ ಮಡಚುವ ಮೊದಲೇ ಸಂದಿಗೆ ಎಪಾಕ್ಸಿ ಅಂಟು ಹಾಕಿರುತ್ತಾರೆ, 90, 45, ಪೂರ್ತಿ ಅಂತ ಹಂತದಲ್ಲಿ ಮಡಚುತ್ತಾರೆ, ಆಮೇಲೆ ಇಡೀ ಬಾಡಿ ಇ-ಕೋಟ್‌ನಲ್ಲಿ (ವಿದ್ಯುತ್‌ನಿಂದ ಹಿಡಿಸುವ ಪ್ರೈಮರ್ ತೊಟ್ಟಿ) ಮುಳುಗುತ್ತೆ, ಅಂಟು ಅದರ ಓವನ್‌ನಲ್ಲೇ ಗಟ್ಟಿಯಾಗುತ್ತೆ. ಮೇಲೆ ಸೀಲರ್ ಬೇರೆ. ಇಷ್ಟೆಲ್ಲ ಇದ್ದೂ ಹಳೇ ಕಾರುಗಳ ಬಾಗಿಲ ಕೆಳ ಅಂಚೇ ಮೊದಲು ತುಕ್ಕು ಹಿಡಿಯುವುದು. ಸಣ್ಣ ಶೆಡ್‌ನಲ್ಲಿ ಮುಚ್ಚಿದ ಹೆಮ್‌ಗೆ ಸಿಲಿಕೋನ್ ಮೆತ್ತಿ ಕಳಿಸುವ ಯೋಚನೆ ಇದ್ದರೆ ಬಿಡಿ. ಸಿಲಿಕೋನ್ ತಾಗಿದ ಕಡೆ ಪೌಡರ್ ಹಿಡಿಯಲ್ಲ, ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತೆ, ಪಕ್ಕದ ಪೀಸ್‌ಗೂ ಹರಡುತ್ತೆ.


ಅಂತರಸನಹಳ್ಳಿ ಫ್ಯಾಬ್

ಬ್ಲ್ಯಾಂಕ್ ಅಳೆದದ್ದಾಯಿತು, 435.8 ನಿಜ. ನೆಸ್ಟಿಂಗ್ ಚಿತ್ರವೂ ತರಿಸಿದೆ, ನಾಲ್ಕು ಉದ್ದಕ್ಕೆ, ಒಂದು ಅಡ್ಡಕ್ಕೆ. ಹೆಮ್ ದಪ್ಪ ತುದಿಗಳಲ್ಲಿ 2.25 ಇದೆ, ಪ್ರೆಶರ್ ಏರಿಸಿದ್ದೇ ಕಾರಣ.

ತೆರೆದ ಹೆಮ್‌ಗೆ ಡ್ರಾಯಿಂಗ್ ಬದಲಾವಣೆ ಕೇಳಿದ್ದೇನೆ. ಎರಡು ಸಂಶಯ. ಮೂಲೆಯಲ್ಲಿ ಹೆಮ್ ಮತ್ತು ತುದಿಯ 90 ಡಿಗ್ರಿ ಫ್ಲೇಂಜ್ ಡಿಕ್ಕಿ ಹೊಡೆಯುತ್ತಿವೆ. ಹೆಮ್ ಇಲ್ಲದ ಅಂಚುಗಳಿಗೆ, ಅಂದರೆ ನಾಚ್ (ಅಂಚಲ್ಲಿ ಕತ್ತರಿಸಿದ ಕಚ್ಚು), ಗಾಳಿಯ ಕಿಂಡಿ, ಅಲ್ಲಿ ಏನು ಮಾಡಬೇಕು? ಡ್ರಾಯಿಂಗ್‌ನಲ್ಲಿ ‘ಎಲ್ಲ ಅಂಚು 0.5 × 45 ಡಿಗ್ರಿ’ ಎಂದಿದೆ, ಅಂದರೆ ಅಂಚಿನ ಮೂಲೆಯನ್ನು ಓರೆಯಾಗಿ ತೆಗೆಯಬೇಕು.


ಉತ್ತರ 5: ವಿ_ಡೈ

ಮೂಲೆಗೆ: ಹೆಮ್ ಮೊದಲು, ಫ್ಲೇಂಜ್ ಆಮೇಲೆ. ಹೆಮ್ ಕಾಲನ್ನು ಫ್ಲೇಂಜ್‌ನ ಬೆಂಡ್ ಗೆರೆಯಿಂದ ಕನಿಷ್ಠ 4 ಮಿ.ಮೀ. ಹಿಂದೆಯೇ ನಿಲ್ಲಿಸಿ, ಅದರ ತುದಿಯನ್ನು 45 ಡಿಗ್ರಿಗೆ ಓರೆ ಕತ್ತರಿಸಿ. ಚೌಕವಾಗಿ ಬಿಟ್ಟರೆ ಆ ಮೂಲೆಯೇ ಬಟ್ಟೆ ಸಿಕ್ಕಿಸುವ ಕೊಕ್ಕೆ. ತೆರೆದ ಹೆಮ್ ಆದರೆ ಅಂಚಿನ ದಪ್ಪ 4.4ರಿಂದ 5.4 ಆಗುತ್ತೆ. ಫ್ಲೇಂಜ್ ಮಡಚುವ ಪಂಚ್‌ನ ತುಂಡು ಎರಡು ಹೆಮ್‌ಗಳ ನಡುವೆ ಕೂರುವ ಉದ್ದದ್ದೇ ಇರಬೇಕು. ಪೂರ್ತಿ ಉದ್ದದ ಪಂಚ್ ಹಾಕಿದರೆ ಹೆಮ್ ಜಜ್ಜಿ ಮತ್ತೆ ಮುಚ್ಚಿದ ಹೆಮ್.

0.5 × 45 ಡಿಗ್ರಿ ಅನ್ನುವುದನ್ನು 1.2ರ ಶೀಟ್‌ಗೆ ಬರೆದವರು ದಪ್ಪ ಪ್ಲೇಟಿನ ಟಿಪ್ಪಣಿ ನಕಲು ಮಾಡಿದ್ದಾರೆ. ಎರಡೂ ಕಡೆ 0.5 ತೆಗೆದರೆ ನಡುವೆ ಉಳಿಯುವುದು 0.2. ಅದು ಅಂಚಲ್ಲ, ಕುಡುಗೋಲು. ಪೌಡರ್ ಕೂಡ ಬೇಯುವಾಗ ಅಂಥ ಅಂಚಿನಿಂದ ಹಿಂದೆ ಸರಿದು ತೆಳುವಾಗುತ್ತೆ, ತುಕ್ಕು ಅಲ್ಲಿಂದಲೇ. 0.3 ತ್ರಿಜ್ಯ ಎಂದು ಬದಲಿಸಲು ಹೇಳಿ, ಐಎಸ್‌ಒ 13715ರ ಅಂಚಿನ ಚಿಹ್ನೆ ಹಾಕಿದರೆ ವಾದಕ್ಕೆ ಜಾಗ ಇರಲ್ಲ. 120 ಗ್ರಿಟ್ ಬೆಲ್ಟ್‌ನಲ್ಲಿ ಬರ್ ತೆಗೆದು, ನೈಲಾನ್ ಅಪಘರ್ಷಕ ಬ್ರಷ್ ಎರಡೂ ಮುಖಕ್ಕೆ ಆಡಿಸಿ. ಬರೀ ಗ್ರೈಂಡರ್ ಓಡಿಸಿದರೆ ಬರ್ ಹೋಗಲ್ಲ, ಆ ಕಡೆಗೆ ಮಗುಚಿಕೊಳ್ಳುತ್ತೆ. ಪರೀಕ್ಷೆಗೆ ಬೆರಳು ಬೇಡ, ಹತ್ತಿ ಎಳೆಯಿರಿ. ಎಳೆ ಸಿಕ್ಕಿದ ಕಡೆ ಮತ್ತೆ ಬ್ರಷ್.

ಲೇಸರ್ ಆಮ್ಲಜನಕದಲ್ಲಿ ಆಗಿದೆಯೋ ನೈಟ್ರೋಜನ್‌ನಲ್ಲೋ ಕೇಳಿ. ಆಮ್ಲಜನಕದಲ್ಲಿ ಕತ್ತರಿಸಿದ ಅಂಚಿನ ಕಪ್ಪು ಪೊರೆ ಹಾಗೇ ಬಿಟ್ಟರೆ ಪೌಡರ್ ಪೊರೆಯ ಜೊತೆಗೇ ಸಿಪ್ಪೆ ಎದ್ದು ಬರುತ್ತೆ.


ಉತ್ತರ 6: ಚಿಂತಾಮಣಿ ತಗಡು

ಮೇವು ಕೊಡುವ ಬಾಯಿಯ ತಗಡೂ ನೀವೇ ಮಾಡುವುದಾದರೆ ಅಲ್ಲಿಗೆ ಹೆಮ್ ಸಾಲದು, ಕಟ್ಟು ಬಡಿದು ಬಡಿದು ಅಂಚು ಸೊಟ್ಟಾಗುತ್ತೆ. ತಂತಿ ಅಂಚು ಕೊಡಿ, ಅಂದರೆ ಅಂಚನ್ನು ತಂತಿಯ ಸುತ್ತ ಮಡಚುವುದು, ಡಬ್ಬ ಡ್ರಮ್ಮು ಮಾಡುವವರ ಹಳೇ ಪದ್ಧತಿ. ಹೆಚ್ಚುವರಿ ತಗಡು ತಂತಿಯ ದಪ್ಪದ ಎರಡೂವರೆ ಪಟ್ಟು. 10 ಗೇಜ್ ತಂತಿ 3.25 ಮಿ.ಮೀ., ಅದಕ್ಕೆ 8.1. ತಗಡು 0.8 ಅಥವಾ 20 ಗೇಜ್ ಆದರೆ ಕೈಯಲ್ಲೇ ಆಗುತ್ತೆ. 1.2ಕ್ಕೆ ಕೈಯಲ್ಲಿ ಹಟ ಮಾಡಬೇಡಿ. ತಂತಿ ಕೂಡುವ ಜಾಗ ತಗಡು ಕೂಡುವ ಜಾಗದ ಮೇಲೆ ಬರಬಾರದು, ನಾಲ್ಕು ಬೆರಳು ಆಚೆ ಇರಲಿ. ಮೊದಲು ಎರಡು ತುದಿಯಲ್ಲಿ, ಆಮೇಲೆ ನಡುವೆ ಮುಚ್ಚಿ ತಂತಿ ಹಿಡಿಸಿ, ಕೊನೆಗೆ ಉಳಿದ ಉದ್ದ.


ಉತ್ತರ 7: ಶಿಮ್ ಪೇಪರ್

304ರ ಬಗ್ಗೆ ಯಾರೂ ಹೇಳಲಿಲ್ಲ. ಟನ್ ಸಿಆರ್‌ನ ಒಂದೂವರೆ ಪಟ್ಟು ಬೇಕು, ಅಂದರೆ ಮುಚ್ಚಿದ ಹೆಮ್‌ಗೆ ಮೀಟರಿಗೆ 60. ನಿಮ್ಮ ಯಂತ್ರದ 42 ಮಿತಿ ದಾಟಿತು. ತೆರೆದ ಹೆಮ್ ಬಿಟ್ಟು ಬೇರೆ ದಾರಿ ಇಲ್ಲ. ಸ್ಪ್ರಿಂಗ್ ಜಾಸ್ತಿ, 30ಕ್ಕೆ ಒತ್ತಿದರೂ ಬಿಟ್ಟ ಮೇಲೆ ನಾಲ್ಕೈದು ಡಿಗ್ರಿ ಹಿಂದಕ್ಕೆ ಬರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಪಿವಿಸಿ ಫಿಲ್ಮ್ ಇರುವ ಶೀಟ್ ಬಂದರೆ ಫಿಲ್ಮ್ ಮುಖ ಮಡಿಕೆಯ ಹೊರಗೆ ಬರಬೇಕು. ಎರಡೂ ಮುಖಕ್ಕೆ ಫಿಲ್ಮ್ ಇದ್ದರೆ ಒಳಗಡೆಯದನ್ನು ಅಂಚಿನಿಂದ 25 ಮಿ.ಮೀ. ಬಿಡಿಸಿ ಕತ್ತರಿಸಿ ಆಮೇಲೆ ಮಡಚಿ. ಒಳಗೆ ಸಿಕ್ಕಿಕೊಂಡ ಫಿಲ್ಮ್ ಚಾಕುವಿಗೂ ಬರಲ್ಲ, ಬೆಂಕಿಗೂ ಬರಲ್ಲ.